ಕಡಲಿಗೆ ಬೆನ್ನು ಮಾಡಿದವಳು

ಮ್ಯೂಸಿಯಮ್ಮಿನಲ್ಲಿ ಅವಳಿಗೆ ನೆಲದಕ್ಕ ಎಂದು ಹೆಸರು. ಇಟ್ಟವರು ಯಾರೋ ಗೊತ್ತಿಲ್ಲ, ಆದರೆ ಸರಿಯಾಗಿಯೇ ಇಟ್ಟಿದ್ದರು. ಹನ್ನೆರಡು ವರ್ಷದಿಂದ ಅಲ್ಲಿನ ಒಂಬತ್ತು ಕೋಣೆಗಳ ನೆಲ ಒರೆಸುತ್ತಿದ್ದವಳನ್ನು, ಗೋಡೆಯ ಮೇಲಿರುವುದರ ಬಗ್ಗೆ ನಿನಗೇನನ್ನಿಸುತ್ತದೆ ಎಂದು ಯಾರೂ ಕೇಳಿದವರಲ್ಲ. ಅವಳ ಗಂಡನಿಗೆ ಕುರ್ಚಿಯಣ್ಣ ಎಂದು ಹೆಸರು. ಅವನು ಏಳನೇ ಕೋಣೆಯ ಕಾವಲುಗಾರ. ಹದಿನೆಂಟು ವರ್ಷದಲ್ಲಿ ಬಾಗಿಲ ಪಕ್ಕದ ಆ ಮರದ ಕುರ್ಚಿಯ ಕಾಲು ಎರಡು ಸಲ ಬದಲಾಗಿತ್ತು, ಅವನು ಕೂರುವ ಭಂಗಿ ಬದಲಾಗಿರಲಿಲ್ಲ. "ನೆಲವೂ ಕುರ್ಚಿಯೂ ಸೇರಿ ಸಂಸಾರ ಮಾಡ್ತಿವೆ ನೋಡ್ರಪ್ಪಾ" ಎಂದು ಟಿಕೆಟ್ ಕೊಡುವವನು ನಗಾಡುತ್ತಿದ್ದ. ಆ ಸಂಸಾರದ ಒಳಗೇನಿದೆಯೆಂದು ತಿಳಿದಿದ್ದರೆ ಅವನ ನಗು ಗಂಟಲಲ್ಲೇ ಉಳಿಯುತ್ತಿತ್ತು.

ಏಳನೇ ಕೋಣೆಯಲ್ಲಿದ್ದದ್ದು ಒಂದೇ ದೊಡ್ಡ ಚಿತ್ರ. ಐನೂರು ವರ್ಷ ಹಿಂದಿನದು, ಪುನರುಜ್ಜೀವನ ಕಾಲದ್ದು, ಬರೆದವನ ಹೆಸರು ತಿಳಿಯದು ಎಂದು ಪಕ್ಕದ ಫಲಕ ಹೇಳುತ್ತಿತ್ತು. 'ಕಡಲತಡಿಯ ದೇವಮಾತೆ' ಎಂದು ಶೀರ್ಷಿಕೆ. ದಂಡೆಯ ಬಂಡೆಯ ಮೇಲೆ ನೀಲಿ ಹೊದಿಕೆಯ ತಾಯಿ ಕೂತಿದ್ದಾಳೆ, ಮಡಿಲಲ್ಲಿ ಕೂಸು. ಎಡಗಡೆ ಪುಸ್ತಕ ಬಿಡಿಸಿಕೊಂಡ ಗಡ್ಡದ ಸಂತ; ಪುಸ್ತಕದಲ್ಲಿ ಎಷ್ಟು ಮುಳುಗಿದ್ದಾನೆಂದರೆ ಪಕ್ಕದಲ್ಲಿ ದೇವರೇ ಕೂತಿರುವುದು ಅವನ ಗಮನಕ್ಕೆ ಬಂದಿಲ್ಲ. ತಾಯಿಯ ಬೆನ್ನ ಹಿಂದೆ ಕೊಲ್ಲಿ, ಹಾಯಿ ಇಳಿಸಿದ ಎರಡು ದೋಣಿ, ದೂರದಲ್ಲಿ ಹೊಗೆಬಣ್ಣದ ಗುಡ್ಡ. ಮತ್ತೆ ಅವಳ ಎಡಭುಜದ ಮೇಲುಗಡೆ, ನೀರಿನ ನಡುವೆ, ಹೆಬ್ಬೆರಳ ಉಗುರಿನಷ್ಟು ದೊಡ್ಡದೊಂದು ಆಕೃತಿ: ಒಂದು ತಲೆ, ಮೇಲೆತ್ತಿದ ಒಂದು ಕೈ.

ಆ ಉಗುರಿನಷ್ಟರ ಬಗ್ಗೆ ಬಂದವರೆಲ್ಲ ತಲೆಗೊಂದು ಮಾತಾಡುತ್ತಿದ್ದರು. ಗುರುವನ್ನು ನಂಬಿ ನೀರಿನ ಮೇಲೆ ನಡೆಯಲು ಹೋದ ಶಿಷ್ಯ ಅವನು, ನಂಬಿಕೆ ಸಡಿಲವಾದ ಕೂಡಲೇ ಮುಳುಗುತ್ತಿದ್ದಾನೆ ಎಂದು ಒಬ್ಬ ಪಾದ್ರಿ ವಿವರಿಸಿದ್ದರು. ನೋಡುವವರ ಕಣ್ಣನ್ನು ದೂರಕ್ಕೆ ಎಳೆಯಲು ಹಾಕಿದ ಗುರುತು, ಅಷ್ಟೇ, ಎಂದು ಒಬ್ಬ ಪ್ರಾಧ್ಯಾಪಕರು ಅಂದಿದ್ದರು. ಶಾಲೆಯ ಹುಡುಗಿಯೊಬ್ಬಳು "ಟಾಟಾ ಮಾಡ್ತಿದಾನೆ" ಎಂದಿದ್ದಳು.

ಕುರ್ಚಿಯಣ್ಣನ ಅರ್ಥವೇ ಬೇರೆ. ಇದ್ದೊಬ್ಬ ಗೈಡು ಕೆಲಸ ಬಿಟ್ಟು ಹೋದಮೇಲೆ ವಿವರಿಸುವವರಿಲ್ಲದೆ ಇವನೇ ಎದ್ದು ಹೇಳಲು ಶುರು ಮಾಡಿದ್ದ. ಹೇಳುವ ಕಲೆ ಅವನಿಗಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಮೊದಲು ಎಲ್ಲರನ್ನೂ ತಾಯಿಯ ಮುಖದ ಎದುರಿಗೆ ತಂದು ನಿಲ್ಲಿಸುತ್ತಿದ್ದ.

"ನೋಡಿ, ಎಂಥ ಮುಖ. ಕಣ್ಣೆಲ್ಲಾ ಮಡಿಲಲ್ಲಿರೋ ಕೂಸಿನ ಮೇಲೆ. ಐನೂರು ವರ್ಷದಿಂದ ಜನ ಇದನ್ನೇ ನೋಡಿ ಕೈ ಮುಗಿದು ಹೋಗ್ತಿದಾರೆ. ಈಗ ಅವಳ ಭುಜದ ಮೇಲಿಂದ ಹಿಂದಕ್ಕೆ ನೋಡಿ. ಕಾಣಿಸ್ತಾ? ಅವನು ದೊಡ್ಡ ಮಗ."

ಇಲ್ಲಿ ಅವನು ಸ್ವಲ್ಪ ನಿಲ್ಲಿಸುತ್ತಿದ್ದ. ಜನ ಕತ್ತು ಉದ್ದ ಮಾಡಿ ನೋಡುತ್ತಿದ್ದರು.

"ಅಮ್ಮಾ ಅಂತ ಕೈ ಎತ್ತಿದಾನೆ. ಇವಳು ಕಡಲಿಗೆ ಬೆನ್ನು ಮಾಡಿ ಕೂತಿದಾಳೆ. ಒಂದ್ಸಲ ತಿರುಗಿದ್ರೆ ಸಾಕಾಗಿತ್ತು, ತಿರುಗಲಿಲ್ಲ. ಇದನ್ನ ಬರೆದವನು ದೇವರ ಚಿತ್ರ ಬರೆದಿಲ್ಲ ಸ್ವಾಮಿ, ಒಬ್ಬ ತಾಯಿಯ ತಪ್ಪು ಬರೆದಿದಾನೆ. ನಿನಗೆ ಹೇಗೆ ಗೊತ್ತು ಅಂತೀರಾ? ನನ್ನ ಮಗನೂ ಹೀಗೇ ಹೋದ. ಅವನ ತಾಯಿಯೂ ಹೀಗೇ ಕೂತಿದ್ಲು."

ಕೇಳಿದವರಲ್ಲಿ ಅರ್ಧ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಮೇಷ್ಟರುಗಳು ಮುಂದಿನ ವರ್ಷದ ಮಕ್ಕಳನ್ನು ಕರೆತಂದಾಗ "ಅದೇ ಕಾವಲುಗಾರರು ಇದ್ದಾರಾ?" ಎಂದು ಮೊದಲೇ ವಿಚಾರಿಸುತ್ತಿದ್ದರು. ಹನ್ನೊಂದು ಗಂಟೆಗೆ ಗುಂಪುಗಳು ಬರುವ ಹೊತ್ತಿಗೇ ಏಳನೇ ಕೋಣೆ ಒರೆಸುವ ಸರದಿ. ಅವಳು ಮೂಲೆಯಲ್ಲಿ ಬಕೆಟ್ಟಿನ ಪಕ್ಕ ನಿಂತಿರುತ್ತಿದ್ದಳು. ಆ ತಾಯಿ ಇವಳೇ ಎಂದು ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಾತು ಮುಗಿದಾಗ ಅವನ ಕಣ್ಣು ಅತ್ತ ಹೋಗುತ್ತಿತ್ತು, ಅದರ ಹಿಂದೆ ಮೂವತ್ತು ಜೊತೆ ಕಣ್ಣು ಹೋಗುತ್ತಿದ್ದವು, ಅಷ್ಟೇ. ಸತ್ತವರ ಹೆಸರಿನಲ್ಲಿ ಬದುಕಿರುವವರನ್ನು ಹಿಂಡುವ ವಿದ್ಯೆ ಕೆಲವರಿಗೆ ಎಷ್ಟು ಸುಲಭವಾಗಿ ಒಲಿಯುತ್ತದೆ! ಅವಳು ಸರದಿ ಬದಲಾಯಿಸಿ ಎಂದು ಎರಡು ಸಲ ಕೇಳಿಕೊಂಡಿದ್ದಳು. ಎರಡು ಸಲವೂ ಮೇಲ್ವಿಚಾರಕ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ನಡೆದದ್ದು ಇಷ್ಟು. ಇಪ್ಪತ್ತಮೂರು ವರ್ಷದ ಹಿಂದೆ ಅವನು ತಗಡಿನ ಡಬ್ಬಿ ತಯಾರಿಸುವ ಕಾರ್ಖಾನೆಯಲ್ಲಿದ್ದ. ಕಾರ್ಖಾನೆಯವರು ಕೆಲಸಗಾರರನ್ನೂ ಮನೆಮಂದಿಯನ್ನೂ ಎರಡು ಬಸ್ಸಿನಲ್ಲಿ ತುಂಬಿಸಿಕೊಂಡು ಸಮುದ್ರ ತೋರಿಸಲು ಹೋಗಿದ್ದರು. ಮಗನಿಗೆ ಆರು ವರ್ಷ, ಮಗಳಿಗೆ ಮೂರು ತಿಂಗಳು. ಈಜು ಕಲಿಸುತ್ತೇನೆಂದು ಗಂಡ ಮಗನ ಕೈ ಹಿಡಿದು ನೀರಿಗಿಳಿದ. ಅವಳು ದಂಡೆಯ ಕಲ್ಲೊಂದರ ಮೇಲೆ ಕೂತು ಮಗಳಿಗೆ ಹಾಲು ಕುಡಿಸುತ್ತಿದ್ದಳು. ಕಡಲ ಕಡೆಯಿಂದ ಗಾಳಿ ಮರಳು ಎರಚುತ್ತಿತ್ತು. ಕೂಸಿನ ಕಣ್ಣಿಗೆ ಹೋಗುತ್ತದೆಂದು ಅವಳು ಗಾಳಿಗೆ ಬೆನ್ನು ಕೊಟ್ಟು ತಿರುಗಿ ಕೂತಳು. ಮಗನ ಜೊತೆ ಅಪ್ಪ ಇದ್ದಾನಲ್ಲ, ಇನ್ನೇನು ಭಯ.

ಅಪ್ಪ ಇರಲಿಲ್ಲ. "ಇಲ್ಲೇ ನಿಂತಿರು, ಈಗ ಬಂದೆ" ಎಂದು ಮಗನಿಗೆ ಹೇಳಿ, ಬಸ್ಸಿನ ನೆರಳಲ್ಲಿ ಇಸ್ಪೀಟು ಹಾಕುತ್ತಿದ್ದವರ ಜೊತೆ ಒಂದು ಆಟಕ್ಕೆ ಕೂತಿದ್ದ. ಒಂದು ಹೋಗಿ ಮೂರಾಯಿತು. ಕೂಗು ಕೇಳಿ ಓಡಿಬಂದವನ ತಲೆಗೂದಲು ಒಣಗಿತ್ತು, ಅಂಗಿಯ ಗುಂಡಿ ಹಾಕಿತ್ತು, ಬಲಗೈ ಮುಷ್ಟಿಯಲ್ಲಿ ಇಸ್ಪೀಟಿನ ಮೂರು ಎಲೆ ಹಾಗೇ ಇದ್ದವು. ಯಾರೋ ಎತ್ತಿ ತಂದು ಮರಳ ಮೇಲೆ ಮಲಗಿಸಿದ ಮಗನ ಪಕ್ಕದಲ್ಲಿ ಅವನು ನೆಲಕ್ಕೆ ತಲೆ ಚಚ್ಚಿಕೊಳ್ಳುವಾಗ ಅವಳ ಕಣ್ಣಿಗೆ ಬಿದ್ದದ್ದು ಆ ಎಲೆಗಳು. ಎಂಥ ಹೆಂಗಸು ನೋಡಿ. ಹೆತ್ತ ಮಗ ತಣ್ಣಗಾಗಿ ಎದುರಿಗೆ ಮಲಗಿರುವಾಗ ಅವಳಿಗೆ ಹೊಳೆದದ್ದು, ಇದನ್ನು ಜನ ನೋಡಿದರೆ ಇವನು ಬದುಕುವುದಿಲ್ಲ ಎಂದು. ಮುಷ್ಟಿ ಬಿಡಿಸಿ, ಎಲೆಗಳನ್ನು ಕಿತ್ತುಕೊಂಡು, ಮರಳೊಳಗೆ ತುರುಕಿದಳು. ಆಮೇಲೆ ಅವನು ತಲೆ ಎತ್ತಿ ಎಲ್ಲರೆದುರು ಕೇಳಿದ, "ನೀನು ನೋಡ್ತಿರಲಿಲ್ವೇನೇ?"

"ಇಲ್ಲ" ಎಂದಳು. ಅದು ನಿಜವೇ ಆಗಿತ್ತು.

ಆ ಒಂದು ಮಾತು ಅವನಿಗೆ ಜೀವಮಾನಕ್ಕೆ ಸಾಕಾಯಿತು. ಮೊದಲ ವರ್ಷ "ಅವಳು ನೋಡ್ಬೇಕಿತ್ತು" ಎನ್ನುತ್ತಿದ್ದ. ಎರಡನೇ ವರ್ಷ "ನೋಡ್ಕೋ ಅಂತ ಹೇಳಿ ಬಂದಿದ್ದೆ" ಎಂದ. ಐದನೇ ವರ್ಷದ ಹೊತ್ತಿಗೆ "ಮೂರು ಸಲ ಕೂಗಿ ಹೇಳಿದ್ದೆ" ಎಂದಾಗಿತ್ತು. ಜೊತೆಗೆ ಆಡಿದ ಮೂವರು ಬಾಯಿ ಹೊಲಿದುಕೊಂಡರು; ಕಾರ್ಖಾನೆ ಮುಚ್ಚಿದ ಮೇಲೆ ಅವರೂ ದಿಕ್ಕಾಪಾಲಾದರು. ಅವಳು ಮಾತ್ರ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಳು. ದುಃಖಕ್ಕೆ ಅವನ ತಲೆಯಿಂದ ಆ ಮೂರು ಆಟ ಅಳಿಸಿಯೇ ಹೋಗಿದೆ ಎಂದು ನಂಬಿದ್ದಳು. ನೆನಪಿಲ್ಲದವನಿಗೆ ನೆನಪು ಮಾಡಿಕೊಟ್ಟು ಕೊಲ್ಲುವುದೇ? ಹೀಗೆ ಯೋಚಿಸಿ ಯೋಚಿಸಿ ಇಪ್ಪತ್ತಮೂರು ವರ್ಷ ಕಳೆದಳು.

ಮಗಳು ಅಪ್ಪನ ಬಾಯಿಂದ ಈ ಕಥೆ ಕೇಳುತ್ತಲೇ ಬೆಳೆದಳು. ಅಣ್ಣ ಸತ್ತದ್ದು ತನಗೆ ಹಾಲು ಕುಡಿಸುವಾಗ ಎಂಬುದು ಆ ಹುಡುಗಿಗೆ ಐದನೇ ವಯಸ್ಸಿಗೇ ಗೊತ್ತಾಗಿತ್ತು. ಅಮ್ಮನೊಂದಿಗೆ ಜಗಳವಿಲ್ಲ, ಮಾತು ಬಿಟ್ಟಿಲ್ಲ. ಹತ್ತಿರ ಬರುತ್ತಿರಲಿಲ್ಲ ಅಷ್ಟೇ. ಈಗ ಅವಳಿಗೇ ಗಂಡುಮಗುವಾಗಿ ನಾಲ್ಕು ತಿಂಗಳು. ನೆಲದಕ್ಕನಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಒಂದೇ: ಆ ಕೂಸನ್ನು ಒಂದು ಸಲ, ಯಾರೂ ಕಾವಲು ಕಾಯದೆ, ತನ್ನ ಪಾಡಿಗೆ ಎತ್ತಿಕೊಂಡು ಕೂರಬೇಕು. ಮುಂದಿನ ತಿಂಗಳು ಮಗಳು ಕೆಲಸಕ್ಕೆ ಮರಳಬೇಕಿತ್ತು. "ಮಗುನ ನಾನು ನೋಡ್ಕೋತೀನಿ, ಕೆಲಸ ಬಿಟ್ಟೇ ಬಿಡ್ತೀನಿ" ಎಂದು ಇವಳು ಕೇಳಿ ನೋಡಿದ್ದಳು. "ಬೇಡಮ್ಮ, ಯಾರಾದ್ರೂ ಆಯಾ ಸಿಗ್ತಾರೆ" ಎಂದಿದ್ದಳು ಮಗಳು. ಗುರುತು ಪರಿಚಯ ಇಲ್ಲದವರ ಕೈಗೆ ಕೊಡಬಹುದು, ಹೆತ್ತವಳ ಕೈಗೆ ಕೊಡುವಂತಿಲ್ಲ.

ಒಂದು ದಿನ ಮಗಳು ತನ್ನ ಅತ್ತೆಯನ್ನೂ ಮಗುವನ್ನೂ ಕರೆದುಕೊಂಡು ಮ್ಯೂಸಿಯಮ್ಮಿಗೇ ಬಂದಳು. ಕುರ್ಚಿಯಣ್ಣ ಬೀಗಿತ್ತಿಗೆ ಚಿತ್ರ ತೋರಿಸಿದ. ಎಂದಿನಂತೆ ಭುಜದ ಮೇಲಿಂದ ಹಿಂದಕ್ಕೆ ನೋಡಿಸಿದ. ಬೀಗಿತ್ತಿ ಮುಖ ಹಿಂಡಿಕೊಂಡು, ಆಮೇಲೆ ಮೆಲ್ಲಗೆ ಮೂಲೆಯ ಕಡೆ ತಿರುಗಿದಳು. ಮಗಳು ಚೀಲದಲ್ಲಿ ಹಾಲಿನ ಬಾಟಲಿ ಹುಡುಕಲು ಒಂದು ಕೈ ಸಾಲದೆ ಒದ್ದಾಡುತ್ತಿದ್ದಳು. ನೆಲದಕ್ಕ ಒರೆಸುವ ಕೋಲು ಗೋಡೆಗೆ ಒರಗಿಸಿ, ಕೈಯನ್ನು ಬಟ್ಟೆಗೆ ಉಜ್ಜಿ ಉಜ್ಜಿ ಒಣಗಿಸಿಕೊಂಡು, ಮುಂದೆ ಬಂದು ಎರಡೂ ಕೈ ಚಾಚಿದಳು.

"ನಿನ್ನ ಕೈ ಒದ್ದೆ ಇದೆ ಅಮ್ಮ" ಎಂದ ಮಗಳು, ನಾಲ್ಕು ಹೆಜ್ಜೆ ಆಚೆಗಿದ್ದ ಅಪ್ಪನವರೆಗೆ ನಡೆದು ಹೋಗಿ ಅವನಿಗೆ ಮಗುವನ್ನು ಕೊಟ್ಟಳು. ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವಳು ಬಕೆಟ್ ಎತ್ತಿಕೊಂಡಳು.

ಆ ತಿಂಗಳೇ ಚಿತ್ರಗಳನ್ನು ದುರಸ್ತಿ ಮಾಡುವ ಹೆಂಗಸೊಬ್ಬಳು ಹೊರಗಿನಿಂದ ಬಂದಳು. ದಿನವಿಡೀ ಹತ್ತಿ ಸುತ್ತಿದ ಕಡ್ಡಿ ಹಿಡಿದಿರುತ್ತಿದ್ದುದರಿಂದ ಎಲ್ಲರೂ ಹತ್ತಿಕಡ್ಡಿ ಮೇಡಂ ಎನ್ನುತ್ತಿದ್ದರು. ಬೆಳಗ್ಗೆ ಎಂಟಕ್ಕೆ, ಜನ ಬರುವ ಮೊದಲು, ಏಳನೇ ಕೋಣೆಯಲ್ಲಿ ದೀಪ ಹಚ್ಚಿ, ಹಣೆಗೆ ಭೂತಗನ್ನಡಿ ಕಟ್ಟಿಕೊಂಡು ಕೂರುತ್ತಿದ್ದಳು. ಕಡ್ಡಿಯನ್ನು ನಾಲಿಗೆಗೆ ತಾಗಿಸಿ ದೇವಮಾತೆಯ ಕೆನ್ನೆ ಒರೆಸುವುದನ್ನು ನೋಡಿ ನೆಲದಕ್ಕ ಬೆಚ್ಚಿಬಿದ್ದಳು.

"ಅಯ್ಯೋ, ಎಂಜಲಾ ಮೇಡಂ?"

"ಇದಕ್ಕಿಂತ ಒಳ್ಳೆ ಮದ್ದಿಲ್ಲ ಅಕ್ಕಾ. ಬರೀ ನೀರಿಗೆ ಹೋಗಲ್ಲ, ಸೋಪು ಹಾಕಿದ್ರೆ ಬಣ್ಣ ತಿನ್ನುತ್ತೆ. ನೀವು ಮಕ್ಕಳ ಮುಖದ ಮೇಲಿನ ಮಸಿ ಒರೆಸಿಲ್ವಾ, ಬಟ್ಟೆ ತುದಿ ಬಾಯಿಗೆ ತಾಗಿಸಿ?"

ಒರೆಸಿದ್ದಳು. ಅದಕ್ಕೇ ಅವಳಿಗೆ ಈ ಮೇಡಂ ಇಷ್ಟವಾದಳು. ಮಾತಿಗೆ ಮಾತು ಬೆಳೆದು, ಹನ್ನೆರಡು ವರ್ಷದಲ್ಲಿ ಯಾರೂ ಕೇಳದ್ದನ್ನು ಆ ಮೇಡಂ ಕೇಳಿದಳು: ನಿಮಗೆ ಈ ಚಿತ್ರದಲ್ಲಿ ಏನು ಕಾಣಿಸುತ್ತೆ?

"ಅವಳು ಬೇಕಂತ ಬೆನ್ನು ಮಾಡಿಲ್ಲ ಮೇಡಂ" ಎಂದಳು ನೆಲದಕ್ಕ. ಮೊದಲೇ ಸಿದ್ಧ ಮಾಡಿಟ್ಟುಕೊಂಡಂತೆ ಮಾತು ಬಂತು. "ತಲೆ ಮೇಲಿನ ಬಟ್ಟೆ ನೋಡಿ, ಅಂಚು ಮುಂದಕ್ಕೆ ಹಾರ್ತಿದೆ. ಗಾಳಿ ಕಡಲಿಂದ ಬೀಸ್ತಿದೆ. ದೋಣಿಯೋರೂ ಅದಕ್ಕೇ ಹಾಯಿ ಇಳಿಸಿದಾರೆ. ಮಗುಗೆ ಗಾಳಿ ಹೊಡೀಬಾರ್ದು ಅಂತ ತಿರುಗಿ ಕೂತಿದಾಳೆ. ಯಾವ ತಾಯಿ ಆದ್ರೂ ಹಾಗೇ ಕೂರೋದು."

ಮೇಡಂ ಭೂತಗನ್ನಡಿ ಮೇಲೆತ್ತಿ ಚಿತ್ರವನ್ನೂ ಇವಳನ್ನೂ ನೋಡಿದಳು. "ಇದನ್ನ ಇವತ್ತಿನವರೆಗೆ ಯಾರೂ ಬರೆದಿಲ್ಲ ಅಕ್ಕಾ" ಎಂದು ಪುಸ್ತಕ ತೆಗೆದು ಗೀಚಿಕೊಂಡಳು. ಮುಂದೆ ಅದು ಮೇಡಂನ ವರದಿಯಲ್ಲಿ, ಮೇಡಂನದೇ ಮಾತಾಗಿ, ಮೂರನೇ ಪುಟದಲ್ಲಿ ಅಚ್ಚಾಯಿತು. ಅದು ಬೇರೆ ವಿಷಯ. ಆ ಹೊತ್ತಿಗೆ ಮೆಚ್ಚಿಗೆಯ ಭರದಲ್ಲಿ ಮೇಡಂ ಇನ್ನೊಂದು ಮಾತನ್ನೂ ಹೇಳಿಬಿಟ್ಟಳು.

"ಆ ಮುಳುಗೋನು ಇದಾನಲ್ಲ, ಅವನು ಈ ಚಿತ್ರದೋನೇ ಅಲ್ಲ. ಯಾರೋ ನೂರು ವರ್ಷದ ಹಿಂದೆ ಸುಮ್ನೆ ಮೇಲೆ ಬರೆದಿದಾರೆ. ವಾರ್ನಿಶ್ ಮೇಲೆ ಕೂತಿದೆ ನೋಡಿ. ಅಂಟು ಬೆರೆಸಿದ ಬಣ್ಣ, ಎಂಜಲು ತಾಗಿದ್ರೂ ಬರುತ್ತೆ. ತೆಗೀತೀನಿ ಅಂತ ದೊಡ್ಡ ಸಾಹೇಬರಿಗೆ ಬರೆದಿದೀನಿ."

ನೆಲದಕ್ಕ ಕೋಲು ಬಿಟ್ಟು ಹತ್ತಿರ ಬಂದು ನೋಡಿದಳು. ಐನೂರು ವರ್ಷದಲ್ಲಿ ನಾನೂರು ವರ್ಷ ಆ ನೀರಿನಲ್ಲಿ ಯಾರೂ ಇರಲಿಲ್ಲ. ಆ ತಾಯಿ ಸುಮ್ಮನೆ ಮಗುವಿಗೆ ಗಾಳಿ ತಾಗದಂತೆ ಕೂತಿದ್ದಳು. ಯಾರೋ ಬಂದು ಅವಳ ಬೆನ್ನ ಹಿಂದೆ ಒಂದು ಸಾವು ಇಟ್ಟು ಹೋಗಿದ್ದರು. ಅದನ್ನು ತೆಗೆದರೆ ಗಂಡನಿಗೆ ತೋರಿಸಲು ಏನೂ ಉಳಿಯುವುದಿಲ್ಲ. ತೋರಿಸಲು ಇಲ್ಲದಿದ್ದರೆ ಕಥೆ ನಿಲ್ಲುತ್ತದೆ. ಕಥೆ ನಿಂತರೆ ಮಗಳು ಇವತ್ತಲ್ಲ ನಾಳೆ ಮರೆಯುತ್ತಾಳೆ. ಅವಳ ಲೆಕ್ಕ ಇಷ್ಟು ಸರಳವಾಗಿತ್ತು. ಪಾಪ, ಇನ್ನೊಬ್ಬರ ಮನೆಯ ಗೋಡೆ ಒರೆಸಿದರೆ ತನ್ನ ಮನೆ ಚೊಕ್ಕಟವಾಗುತ್ತದೆ ಎಂದು ನಂಬುವುದು ನೆಲ ಒರೆಸುವವರಿಗೇ ಸಾಧ್ಯ.

ದೊಡ್ಡ ಸಾಹೇಬರು ಎರಡು ದಿನಕ್ಕೆ ಏಳನೇ ಕೋಣೆಗೇ ಬಂದು ಉತ್ತರ ಕೊಟ್ಟರು. "ಅದನ್ನ ಮುಟ್ಟಬೇಡಿ ಮೇಡಂ. ಜನ ಬರೋದೇ ಅದಕ್ಕೆ. ಅದನ್ನ ತೆಗೆದ್ರೆ ಅಲ್ಲಿ ನೋಡೋಕೇನಿದೆ? ಒಬ್ಬಳು ಹೆಂಗಸು, ಒಂದು ಮಗು."

"ಸರಿ ಸರ್" ಎಂದಳು ಮೇಡಂ. ಅವಳಿಗೇನು, ಕೊಟ್ಟ ಕೆಲಸ ಮಾಡಿ ಹೋಗುವವಳು. ಅವತ್ತೇ ದೀಪ ಎತ್ತಿಕೊಂಡು ಎರಡನೇ ಕೋಣೆಗೆ ಹೋದಳು.

ಸೋಮವಾರ ಬೆಳಗ್ಗೆ ಎಂಟಕ್ಕೆ ನೆಲದಕ್ಕ ಔಷಧಿ ಅಂಗಡಿಯ ಹತ್ತಿಕಡ್ಡಿ ಪೊಟ್ಟಣ ಜೇಬಿಗೆ ಹಾಕಿಕೊಂಡು ಏಳನೇ ಕೋಣೆಯ ಬಾಗಿಲು ಮುಂದೆ ಮಾಡಿದಳು. ಅಡ್ಡ ಕಟ್ಟಿದ ಹಗ್ಗದ ಕೆಳಗೆ ನುಸುಳಿ, ಬಕೆಟ್ಟನ್ನು ಬೋರಲು ಹಾಕಿ, ಮೇಲೆ ಹತ್ತಿ ನಿಂತಳು. ಕಡ್ಡಿ ನಾಲಿಗೆಗೆ ತಾಗಿಸಿ, ಮೇಡಂ ಮಾಡುತ್ತಿದ್ದ ಹಾಗೇ ಸಣ್ಣಗೆ ಸುತ್ತು ತಿರುಗಿಸುತ್ತಾ ಉಜ್ಜಿದಳು. ಮೊದಲ ದಿನ ಹಳದಿ ಕೊಳೆ ಮಾತ್ರ ಬಂತು. ಎರಡನೇ ದಿನ ತಲೆ ಬಂತು. ತಲೆಯ ಕೆಳಗೆ ನಿಜವಾದ ನೀರಿತ್ತು, ಮೇಲಿನದಕ್ಕಿಂತ ಹಸಿರಾಗಿ, ಸಣ್ಣ ಅಲೆಯ ಗೆರೆಯೂ ಇತ್ತು. ಅವಳಿಗೆ ಅಳು ಬರುವಷ್ಟು ಸಂತೋಷವಾಯಿತು. ಕೈ ಮಾತ್ರ ಉಳಿಯಿತು. ತಲೆಯಿಲ್ಲದೆ ನೀರಿನ ಮೇಲೆ ಎತ್ತಿ ನಿಂತ ಪುಟ್ಟ ಕೈ. ಅದಕ್ಕೆ ಕಡ್ಡಿ ತಾಗಿಸಿದಾಗ ಅವಳಿಗೆ ತಾನೇ ಅದನ್ನು ಕೆಳಕ್ಕೆ ಒತ್ತಿ ಹಿಡಿದ ಹಾಗಾಗಿ, ಬಕೆಟ್ಟಿನಿಂದ ಇಳಿದು ಗೋಡೆ ಹಿಡಿದುಕೊಂಡು ನಿಂತಳು. ಅವತ್ತು ಹನ್ನೊಂದು ಗಂಟೆಗೆ ಗುಂಪು ಬರಲಿಲ್ಲ, ಯಾರೂ ಗಮನಿಸಲಿಲ್ಲ. ಮೂರನೇ ದಿನ ಬೆಳಗ್ಗೆ ಕಣ್ಣು ಮುಚ್ಚಿಕೊಂಡು ಕೈಯನ್ನೂ ಅಳಿಸಿದಳು.

ಮೂರನೇ ದಿನ ಗುಂಪು ಬಂತು. ಮೇಷ್ಟರಾಗಲು ಕಲಿಯುತ್ತಿದ್ದ ಮೂವತ್ತು ಜನ. ಕುರ್ಚಿಯಣ್ಣ ಎದ್ದು, ಗಂಟಲು ಸರಿಮಾಡಿಕೊಂಡು, ಚಿತ್ರಕ್ಕೆ ಬೆನ್ನು ಹಾಕಿ ನಿಂತು, ಎಷ್ಟೋ ಸಾವಿರ ಸಲ ಹೇಳಿದ್ದನ್ನು ಹೇಳುತ್ತಾ ಹೋದ. ಬೆರಳು ತಾನಾಗಿಯೇ ಹಿಂದಕ್ಕೆ ಹೋಗಿ ಅದೇ ಜಾಗ ತೋರಿಸಿತು. "ಕಾಣಿಸ್ತಾ? ಅವನು ದೊಡ್ಡ ಮಗ."

"ಎಲ್ಲಿ ಸರ್?" ಎಂದಳು ಮುಂದಿದ್ದ ಹುಡುಗಿ.

"ಅಲ್ಲೇ ನೋಡಮ್ಮ, ಭುಜದ ಮೇಲೆ."

"ಬರೀ ನೀರಿದೆ ಸರ್."

ಯಾರೋ ಕಿಸಕ್ಕೆಂದರು. ಅವನು ತಿರುಗಿ ನೋಡಿದ. ಹತ್ತಿರ ಹೋಗಿ ನೋಡಿದ. ಆಮೇಲೆ ಮೂಲೆಯಲ್ಲಿ ನಿಂತವಳನ್ನು ನೋಡಿ ಮೂವತ್ತು ಜನರೆದುರು ಬೆರಳು ಮಾಡಿ ಕೂಗಿದ, "ಎರಡನೇ ಸಲ ಕೊಂದ್ಯಲ್ಲೇ! ಕೈಯಾರೆ ಕೊಂದ್ಯಲ್ಲೇ!" ಕಣ್ಣಲ್ಲಿ ನೀರು ನಿಜವಾಗಿಯೇ ಬಂದಿತ್ತು. ಕಿಸಕ್ಕೆಂದವರೂ ಈಗ ಮುಖ ಗಂಭೀರ ಮಾಡಿಕೊಂಡು ಅವಳ ಕಡೆ ನೋಡಿದರು.

ವಿಚಾರಣೆ ಮಧ್ಯಾಹ್ನವೇ ನಡೆಯಿತು. ದೊಡ್ಡ ಸಾಹೇಬರ ಮೇಜಿನ ಎದುರು ಅವಳು ನಿಂತಿದ್ದಳು, ಗಂಡ ಕೋಣೆಯ ಕಾವಲುಗಾರನಾಗಿ ಬರೆದುಕೊಟ್ಟ ದೂರು ಮೇಜಿನ ಮೇಲಿತ್ತು.

"ಮೇಡಂ ಹೇಳಿದ್ರು ಸರ್, ಅದು ಮೇಲೆ ಕೂತ ಬಣ್ಣ ಅಂತ" ಎಂದಳು.

ಸಾಹೇಬರು ಹತ್ತಿಕಡ್ಡಿ ಮೇಡಂ ಕಡೆ ತಿರುಗಿದರು. "ನೀವು ಇವಳ ಹತ್ರ ಅಂದ್ರಾ?"

"ನಾನು ನೆಲ ಒರೆಸೋರ ಹತ್ರ ಕೆಲಸದ ವಿಷಯ ಮಾತಾಡಲ್ಲ ಸರ್" ಎಂದಳು ಮೇಡಂ, ಇವಳ ಕಡೆ ನೋಡದೆ.

ಮೇಡಂ ಚಿತ್ರವನ್ನು ಪರೀಕ್ಷಿಸಿ, ಕೆಳಗಿನ ಬಣ್ಣಕ್ಕೆ ಏನೂ ಆಗಿಲ್ಲವೆಂದು ಬರೆದುಕೊಟ್ಟಳು. ಆಗ ಸಾಹೇಬರ ಜೀವಕ್ಕೆ ಜೀವ ಬಂತು. ಗಲಾಟೆಯಾದರೆ ಮ್ಯೂಸಿಯಮ್ಮಿನ ಮಾನ ಹೋಗುತ್ತದೆಂದು, ತಜ್ಞರಿಂದ ಚಿತ್ರದ ಶುದ್ಧೀಕರಣ ನಡೆದಿದೆ ಎಂದು ಪತ್ರಿಕೆಗೆ ಸುದ್ದಿ ಕೊಟ್ಟರು. ನೆಲದಕ್ಕನನ್ನು ಕೆಲಸದಿಂದ ತೆಗೆಯಲಿಲ್ಲ. ಮೇಲಿನ ಕೋಣೆಗಳಿಗೆ ಕಾಲಿಡಕೂಡದು, ನೆಲಮಾಳಿಗೆಯ ಉಗ್ರಾಣ ಮತ್ತು ಶೌಚಾಲಯ ನೋಡಿಕೊಂಡಿರಬೇಕು ಎಂದು ಆಜ್ಞೆಯಾಯಿತು. ಅವಳು ತಲೆ ಆಡಿಸಿದಳು. ಶೌಚಾಲಯವಾದರೇನು, ಕಥೆ ನಿಂತಿತಲ್ಲ ಎಂದು ಒಳಗೊಳಗೇ ಹಗುರವಾಗಿದ್ದಳು.

ಸಂಜೆ ಮನೆಯಲ್ಲಿ ಅವನಿಗೆ ಚಹಾ ಕೊಟ್ಟು ಎದುರಿಗೆ ಕೂತಳು. ಹೀಗೆ ಎದುರಿಗೆ ಕೂತು ವರ್ಷಗಳಾಗಿದ್ದವು.

"ಇನ್ನು ಆ ಕಥೆ ಹೇಳಬೇಡಿ."

"ಯಾಕೆ ಹೇಳಬಾರ್ದು? ಇದ್ದ ಜಾಗ ಇದ್ದೇ ಇದೆ. ಇಲ್ಲಿ ಒಬ್ಬ ಮಗ ಇದ್ದ, ಅವನ ತಾಯಿ ಅಳಿಸಿಹಾಕಿದ್ಲು ಅಂತೀನಿ. ಜನ ಇನ್ನೂ ಚೆನ್ನಾಗಿ ಕೇಳ್ತಾರೆ."

ಇದು ಅವಳಿಗೆ ಹೊಳೆದೇ ಇರಲಿಲ್ಲ. ಅವನಿಗೆ ಮುಳುಗುವವನು ಬೇಕಾಗಿಯೇ ಇರಲಿಲ್ಲ, ತಪ್ಪಿತಸ್ಥೆ ಒಬ್ಬಳಿದ್ದರೆ ಸಾಕಾಗಿತ್ತು. ಆಗ ಇಪ್ಪತ್ತಮೂರು ವರ್ಷ ಹಲ್ಲು ಕಚ್ಚಿ ಹಿಡಿದಿದ್ದ ಮಾತು ಬಾಯಿಂದ ಬಂತು.

"ಅವತ್ತು ನಿಮ್ಮ ತಲೆಗೂದಲು ಒಣಗಿತ್ತು."

ಅವನು ಲೋಟ ಕೆಳಗಿಟ್ಟ. ಈಗ ಕುಸಿಯುತ್ತಾನೆ, ಈಗ ಎದೆ ಒಡೆದುಕೊಂಡು ಸಾಯುತ್ತಾನೆ ಎಂದು ಅವಳು ಹಿಡಿದುಕೊಳ್ಳಲು ಅರ್ಧ ಎದ್ದಳು. ಅವನು ಲೋಟ ಮತ್ತೆ ಎತ್ತಿ, ಊದಿ, ಒಂದು ಗುಟುಕು ಕುಡಿದ.

"ಎಲೆ ಕಿತ್ತುಕೊಂಡಿದ್ದು ನೀನೇ ತಾನೆ" ಎಂದ. "ನನಗೆ ನೆನಪಿಲ್ಲ ಅಂದ್ಕೊಂಡಿದ್ಯಾ?"

"ನೆನಪಿದ್ದೂ..."

"ನೆನಪಿದ್ದೇ. ನೀನೇ ಮುಚ್ಚಿಟ್ಟೆ. ನೀನು ಹೊತ್ಕೊಳ್ಳೋಕೆ ತಯಾರಿದೀಯ ಅಂದ್ಕೊಂಡೆ. ಇಷ್ಟು ವರ್ಷ ನೀನೂ ಬೇಡ ಅನ್ನಲಿಲ್ವಲ್ಲ."

ಬೇಡ ಅನ್ನಲಿಲ್ಲ, ನಿಜ. ಯಾರನ್ನು ಉಳಿಸುತ್ತಿದ್ದೇನೆಂದು ತಿಳಿದು ಬಾಯಿಮುಚ್ಚಿಕೊಂಡಿದ್ದಳೋ ಅವನು ಪ್ರತಿದಿನ ಹನ್ನೊಂದು ಗಂಟೆಗೆ, ಪೂರ್ತಿ ಎಚ್ಚರದಲ್ಲಿ, ಅವಳ ಕಣ್ಣೆದುರೇ ಆ ಬೆರಳು ತೋರಿಸುತ್ತಿದ್ದ. ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು. ಅವಳು ಬೇಡಿಕೊಂಡಳು.

"ಜನರಿಗೆ ಏನು ಬೇಕಾದ್ರೂ ಹೇಳ್ಕೊಳ್ಳಿ, ನಾನು ಬೇಡ ಅನ್ನಲ್ಲ. ಮಗಳಿಗೆ ಒಬ್ಬಳಿಗೆ ನಿಜ ಹೇಳಿ. ಆ ಕೂಸನ್ನ ಒಂದೇ ಒಂದ್ಸಲ ನನ್ನ ಕೈಗೆ ಕೊಡ್ಲಿ."

"ಹೇಳಿದ್ರೆ" ಎಂದ ಅವನು, ಖಾಲಿ ಲೋಟ ಅವಳ ಕಡೆ ಸರಿಸಿ, "ಆಮೇಲೆ ನನ್ನ ಕೈಗೆ ಕೊಡ್ತಾಳಾ?"

ಭಾನುವಾರ ಬೆಳಗ್ಗೆ ಅವನು ಗಡ್ಡ ಕೆರೆಯುತ್ತಿರುವಾಗ ಅವಳು ಒಬ್ಬಳೇ ಮಗಳ ಮನೆಗೆ ಹೋದಳು. ಮೂರನೇ ಮಹಡಿ, ಉಸಿರು ಮೇಲಾಗಿತ್ತು. ಮಗಳು ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಇವಳು ಎದುರಿಗೆ ನಿಂತೇ ಎಲ್ಲವನ್ನೂ ಹೇಳಿದಳು: ಗಾಳಿ, ಮರಳು, ಬಸ್ಸಿನ ನೆರಳು, ಒಣಗಿದ ಕೂದಲು, ಮುಷ್ಟಿಯಲ್ಲಿದ್ದ ಮೂರು ಎಲೆ. ಇಷ್ಟು ವರ್ಷ ಬಚ್ಚಿಟ್ಟಿದ್ದು ಹೇಳಿ ಮುಗಿಸಲು ಐದು ನಿಮಿಷವೂ ಹಿಡಿಯಲಿಲ್ಲ.

ಮಗಳು ಮಗುವಿನ ಹೊದಿಕೆ ಸರಿಮಾಡಿದಳು. ಆಮೇಲೆ ಕೇಳಿದಳು, "ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಅವರಿಗೆ ನೆನಪಿಲ್ಲ ಅಂದ್ಕೊಂಡಿದ್ದೆ. ಗೊತ್ತಾದ್ರೆ ಸತ್ತು ಹೋಗ್ತಾರೆ ಅಂತ."

"ಚಿತ್ರ ಅಳಿಸಿ ಸಿಕ್ಕಿಬಿದ್ದ ಮೇಲೆ ಹೇಳ್ಬೇಕು ಅನ್ನಿಸ್ತಾ?"

ಎರಡೂ ಒಂದೇ ವಾರದಲ್ಲಿ ನಡೆದದ್ದು ನಿಜ. ಮಗಳು ಫೋನು ತೆಗೆದು, ಅಮ್ಮನಿಗೂ ಕೇಳಿಸಲೆಂದು ಜೋರು ಮಾಡಿಟ್ಟು, ಅಪ್ಪನಿಗೆ ಹಚ್ಚಿದಳು.

"ಅಪ್ಪಾ, ಅಮ್ಮ ಬಂದಿದಾಳೆ. ಅವತ್ತು ನೀನು ಇಸ್ಪೀಟು ಆಡ್ತಿದ್ದೆ ಅಂತಿದಾಳೆ. ನಿಜನಾ?"

ಆ ಕಡೆ ನಲ್ಲಿಯ ನೀರು ಬೀಳುವ ಸದ್ದು ಕೇಳುತ್ತಿತ್ತು, ಅದು ನಿಂತಿತು. ಅವನ ದನಿ ಬಂದಾಗ ಅದರಲ್ಲಿ ಸಿಟ್ಟಿರಲಿಲ್ಲ, ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ಹೆಂಡತಿ ಎಂದೂ ಕೇಳಿರಲಿಲ್ಲ.

"ಅವಳನ್ನ ಬೈಬೇಡ ಕಂದ. ಪಾಪ, ಅವಳ ಸಂಕಟ ಹಾಗೆ ಆಡಿಸುತ್ತೆ. ಚಹಾ ಗಿಹಾ ಕೊಟ್ಟು ಕಳಿಸು. ಮಗು ಜೋಪಾನ."

ಮಗಳ ಕಣ್ಣು ತುಂಬಿಕೊಂಡವು, ಅಪ್ಪನಿಗಾಗಿ. ಫೋನು ಇಟ್ಟು, ಮಗುವನ್ನು ಭುಜಕ್ಕೆ ಹಾಕಿಕೊಂಡು ಎದ್ದಳು. ಅಮ್ಮನಿಗೂ ತನಗೂ ನಡುವೆ ಕುರ್ಚಿ ಇರುವ ಹಾಗೆ ನಿಂತು, ದನಿ ಎತ್ತದೆ ಹೇಳಿದಳು.

"ಅಮ್ಮ, ಇನ್ಮೇಲೆ ಒಬ್ಬಳೇ ಬರಬೇಡ. ಬರೋದಿದ್ರೆ ಅಪ್ಪನ ಜೊತೆ ಬಾ."

ಮುಂದಿನ ಭಾನುವಾರ ಅವಳು ಗಂಡನ ಜೊತೆಗೇ ಹೋದಳು. ಹೋಗದಿದ್ದರೆ ಮಗುವಿನ ಮುಖ ನೋಡುವುದು ಹೇಗೆ? ಮಗಳು ಕೂಸನ್ನು ಅಪ್ಪನ ತೊಡೆಯ ಮೇಲೆ ಮಲಗಿಸಿ ಒಳಗೆ ಹೋಗದೆ ಅಲ್ಲೇ ನಿಂತಳು. ಅವನು ಕೂಸಿನ ಗಲ್ಲ ಹಿಡಿದು ಆಡಿಸಿದ, ಅದು ಕೇಕೆ ಹಾಕಿ ನಗುತ್ತಾ ಕಾಲು ಝಾಡಿಸಿತು. ಕಾಲುಚೀಲ ಕಳಚಿ ಬಿದ್ದು ಒಂದು ಪುಟ್ಟ ಪಾದ ಅವಳ ಕಡೆಗೇ ಬಂತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವಳು ಕೈ ಎತ್ತಿದಳು, ಅಲ್ಲೇ ತಡೆದಳು.

"ರೀ, ಒಂದ್ಸಲ ಕಾಲು ಮುಟ್ಲಾ?" ಎಂದು ಕೇಳಿದಳು.

ಅವನು ಮೊದಲು ಮಗಳ ಮುಖ ನೋಡಿದ. ಆಮೇಲೆ ಹೇಳಿದ, "ಹೂಂ, ಮುಟ್ಟು."